ಓದುಗರ ಪ್ರಶ್ನೆಗೆ ಉತ್ತರ: ವರ್ತುಲ ಹೆದ್ದಾರಿಯ ಸಂಚಾರ

ಈ ಸಂಚಿಕೆಗೆ ಬಂದ ಪತ್ರಗಳಲ್ಲಿ ಹೆಚ್ಚಿನವು ತುಮಕೂರು ಜಿಲ್ಲೆಯವು, ವಿಷಯವೂ ಬಹುಮಟ್ಟಿಗೆ ಒಂದೇ. ಬೆಂಗಳೂರನ್ನು ದೂರದಿಂದ ಬಳಸುವ ಉಪನಗರ ವರ್ತುಲ ರಸ್ತೆಯ ಒಟ್ಟು ಉದ್ದ ಸುಮಾರು 280 ಕಿ.ಮೀ. ಅದರಲ್ಲಿ ದಾಬಸ್‌ಪೇಟೆಯಿಂದ ದೊಡ್ಡಬಳ್ಳಾಪುರ, ದೇವನಹಳ್ಳಿಗಳ ಮೇಲೆ ಹೊಸಕೋಟೆ ಮುಟ್ಟುವ ಭಾಗ ಬಳಕೆಗೆ ಬಂದ ಮೇಲೆ ತುಮಕೂರಿನ ಲಾರಿ, ಬಸ್ಸು, ಕಾರುಗಳ ದಾರಿಯ ಲೆಕ್ಕಾಚಾರವೇ ಬದಲಾಗಿದೆ. ಪತ್ರಗಳಲ್ಲಿ ಆರನ್ನು ಆರಿಸಿ, ಅಗತ್ಯವಿದ್ದಷ್ಟು ಸಂಕ್ಷೇಪಿಸಿ ಇಲ್ಲಿ ಉತ್ತರಿಸಲಾಗಿದೆ.

ಪ್ರಶ್ನೆ: ತುಮಕೂರಿನಿಂದ ಹೊಸಕೋಟೆಯ ಗೋದಾಮುಗಳಿಗೆ ಹೋಗುವ ನಮ್ಮ ಲಾರಿಗಳು ದಾಬಸ್‌ಪೇಟೆಯಲ್ಲಿ ಎಡಕ್ಕೆ ತಿರುಗಿ ವರ್ತುಲ ರಸ್ತೆ ಹಿಡಿಯಲಿ ಎಂಬುದು ನನ್ನ ಮಾತು. ಚಾಲಕರು ‘ಸುತ್ತು ಜಾಸ್ತಿ ಸ್ವಾಮಿ, ಡೀಸೆಲ್ ದಂಡ’ ಎನ್ನುತ್ತಾರೆ. ಯಾರ ಲೆಕ್ಕ ಸರಿ?
— ಲಾರಿ ಮಾಲೀಕರು, ಅಂತರಸನಹಳ್ಳಿ

ಸುತ್ತಿ ಹೋಗುವ ದಾರಿ ಎಂದಾಕ್ಷಣ ಅದು ದೂರದ ದಾರಿ ಎಂದು ನಾವೆಲ್ಲ ಭಾವಿಸುತ್ತೇವೆ, ಆದರೆ ರೇಖಾಗಣಿತ ಹಾಗೆ ಹೇಳುವುದಿಲ್ಲ. ನಗರದ ಸುತ್ತ ಒಂದು ವೃತ್ತವಿದೆ, ಅದರ ಅಂಚಿನಲ್ಲಿ ಎರಡು ಊರುಗಳಿವೆ ಎಂದುಕೊಳ್ಳಿ. ನಗರದ ನಡುವಿನ ಮೂಲಕ ಹೋದರೆ ಒಂದು ತ್ರಿಜ್ಯದಷ್ಟು ಒಳಗೆ ಬಂದು, ಇನ್ನೊಂದು ತ್ರಿಜ್ಯದಷ್ಟು ಹೊರಗೆ ಹೋಗಬೇಕು. ಅಂಚಿನ ಮೇಲೆಯೇ ಹೋದರೆ ಎಷ್ಟು ದೂರವಾಗುತ್ತದೆ ಎಂಬುದು ಆ ಎರಡು ಊರುಗಳು ಕೇಂದ್ರದಲ್ಲಿ ಮಾಡುವ ಕೋನವನ್ನು ಅವಲಂಬಿಸಿದೆ. ಈ ಕೋನ ಸುಮಾರು 115 ಡಿಗ್ರಿಗಿಂತ ಕಡಿಮೆಯಿದ್ದರೆ ವರ್ತುಲವೇ ಹತ್ತಿರದ ದಾರಿ, ಹೆಚ್ಚಿದ್ದರೆ ನಗರದ ನಡುವಿನ ದಾರಿ ಹತ್ತಿರ. ಎರಡು ಊರುಗಳು ಸರಿಯಾಗಿ ಎದುರುಬದುರಾಗಿದ್ದರೆ ಮಾತ್ರ ಸುತ್ತುದಾರಿ 1.57 ಪಟ್ಟು ಆಗುತ್ತದೆ, ಅದಕ್ಕಿಂತ ಹೆಚ್ಚಾಗುವುದು ಸಾಧ್ಯವೇ ಇಲ್ಲ. ನೆಲದ ಮೇಲಿನ ರಸ್ತೆ ಅಚ್ಚುಕಟ್ಟಾದ ವೃತ್ತವಲ್ಲವಾದರೂ ದಾಬಸ್‌ಪೇಟೆ ಮತ್ತು ಹೊಸಕೋಟೆಗಳ ನಡುವೆ ಈ ಎರಡು ದಾರಿಗಳ ದೂರದಲ್ಲಿ ದೊಡ್ಡ ಅಂತರವೇನೂ ಇಲ್ಲ. ವರ್ತುಲದ ಮೇಲೆ ಅದು ಸುಮಾರು 80 ಕಿ.ಮೀ.

ಇನ್ನು ಸಮಯದ ಮಾತು. ನಗರದೊಳಗೆ ಲಾರಿ ಗಂಟೆಗೆ 20 ಕಿ.ಮೀ. ವೇಗದಲ್ಲಿ ತೆವಳುತ್ತದೆ, ವರ್ತುಲದಲ್ಲಿ 60 ಕಿ.ಮೀ. ವೇಗದಲ್ಲಿ ಓಡುತ್ತದೆ ಎಂದಾದರೆ, ಎದುರುಬದುರಿನ ಊರುಗಳ ನಡುವೆಯೂ ಸುತ್ತುದಾರಿಯಲ್ಲಿ ಹಿಡಿಯುವ ಸಮಯ ಹೆಚ್ಚುಕಡಿಮೆ ಅರ್ಧ ಮಾತ್ರ. ಡೀಸೆಲ್ ವಿಚಾರದಲ್ಲಿ ನಿಮ್ಮ ಚಾಲಕರು ಕಿಲೋಮೀಟರು ಎಣಿಸುತ್ತಿದ್ದಾರೆ. ಎಣಿಸಬೇಕಾದುದು ಹೊರೆ ತುಂಬಿದ ಲಾರಿ ಎಷ್ಟು ಬಾರಿ ನಿಂತು, ಮೊದಲನೆಯ ಗೇರಿನಿಂದ ಮತ್ತೆ ಎಳೆಯಬೇಕಾಯಿತು ಎಂಬುದನ್ನು. ಹಗಲಿನಲ್ಲಿ ಬೆಂಗಳೂರಿನೊಳಗೆ ಭಾರಿ ವಾಹನಗಳಿಗಿರುವ ಸಮಯದ ನಿರ್ಬಂಧವನ್ನೂ, ಎರಡು ದಾರಿಗಳ ಟೋಲನ್ನೂ ಸೇರಿಸಿ ಲೆಕ್ಕ ಹಾಕಿ. ನಡುರಾತ್ರಿ ಖಾಲಿ ಲಾರಿ ಹೊರಟಿದ್ದರೆ ಚಾಲಕರ ಮಾತಿನಲ್ಲೂ ಹುರುಳಿರಬಹುದು. ಹಗಲಿನ ತುಂಬು ಲಾರಿಗೆ ನಿಮ್ಮ ಲೆಕ್ಕವೇ ಸರಿ.

ಇದೇ ಉದ್ದೇಶದಿಂದ ದೆಹಲಿಯ ಸುತ್ತ ಪೂರ್ವ ಮತ್ತು ಪಶ್ಚಿಮ ಹೊರವಲಯ ಎಕ್ಸ್‌ಪ್ರೆಸ್‌ವೇಗಳು 2018ರಲ್ಲಿ ಪೂರ್ಣ ಬಳಕೆಗೆ ಬಂದವು. ದೆಹಲಿಗೆ ಕೆಲಸವಿಲ್ಲದ ಲಾರಿ ದೆಹಲಿಯೊಳಗೆ ಬರಕೂಡದು ಎಂಬುದೇ ಅವುಗಳ ಹಿಂದಿನ ಯೋಚನೆ. ಅದಕ್ಕೆ ಸುಪ್ರೀಂ ಕೋರ್ಟಿನ ನಿರ್ದೇಶನದ ಒತ್ತಾಸೆಯೂ ಇತ್ತು.

ಪ್ರಶ್ನೆ: ಹೆದ್ದಾರಿಯಲ್ಲಿ ಅಪಘಾತವಿಲ್ಲ, ಸಿಗ್ನಲ್ ಇಲ್ಲ, ಕಾಮಗಾರಿಯೂ ಇಲ್ಲ, ಆದರೂ ವಾಹನಗಳೆಲ್ಲ ನಿಂತುಬಿಡುತ್ತವೆ. ಸ್ವಲ್ಪ ಹೊತ್ತಿನ ಮೇಲೆ ಸಾಗಿದರೆ ಮುಂದೆ ಏನೂ ಕಾಣುವುದಿಲ್ಲ. ಕಾರಣವೇ ಇಲ್ಲದೆ ದಟ್ಟಣೆ ಹುಟ್ಟಲು ಸಾಧ್ಯವೇ? ವರ್ತುಲ ರಸ್ತೆಯಲ್ಲಿ ಇದು ಹೆಚ್ಚೇ?
— ಎಂಜಿನಿಯರಿಂಗ್ ವಿದ್ಯಾರ್ಥಿ, ಕ್ಯಾತ್ಸಂದ್ರ

ಸಾಧ್ಯ. ಅದನ್ನು ತೋರಿಸಿಕೊಟ್ಟ ಪ್ರಯೋಗವೂ ಒಂದು ವರ್ತುಲದ ಮೇಲೆಯೇ ನಡೆಯಿತು. ಜಪಾನಿನ ಸಂಶೋಧಕರು ಬಯಲಿನಲ್ಲಿ 230 ಮೀಟರು ಸುತ್ತಳತೆಯ ಒಂದೇ ಪಥದ ವೃತ್ತವನ್ನು ಗುರುತಿಸಿ, ಅದರ ಮೇಲೆ 22 ಕಾರುಗಳನ್ನು ಸಮ ಅಂತರದಲ್ಲಿ ನಿಲ್ಲಿಸಿ, ಎಲ್ಲರೂ ಗಂಟೆಗೆ ಸುಮಾರು 30 ಕಿ.ಮೀ. ವೇಗದಲ್ಲಿ ಸುತ್ತುತ್ತಿರಿ ಎಂದು ಚಾಲಕರಿಗೆ ಹೇಳಿದರು. ಈ ಪ್ರಯೋಗದ ವಿವರ 2008ರಲ್ಲಿ ಪ್ರಕಟವಾಯಿತು. ಆರಂಭದಲ್ಲಿ ಎಲ್ಲವೂ ಸರಾಗ. ಸ್ವಲ್ಪದರಲ್ಲೇ ಯಾರೋ ಒಬ್ಬರು ಮುಂದಿನ ಕಾರಿಗೆ ತುಸು ಹತ್ತಿರ ಬಂದು ಬ್ರೇಕಿನ ಮೇಲೆ ಕಾಲಿಡುತ್ತಾರೆ. ಹಿಂದಿನವರು ಅದನ್ನು ಕಂಡು, ಕಂಡದ್ದಕ್ಕಿಂತ ಸ್ವಲ್ಪ ಹೆಚ್ಚಾಗಿಯೇ ಒತ್ತುತ್ತಾರೆ. ಅವರ ಹಿಂದಿನವರು ಇನ್ನೂ ಸ್ವಲ್ಪ ಹೆಚ್ಚಾಗಿ. ಹೀಗೆ ನಾಲ್ಕಾರು ಕಾರುಗಳ ಹಿಂದೆ ಯಾವುದೋ ಒಂದು ಕಾರು ಪೂರ್ತಿ ನಿಂತೇ ಹೋಗುತ್ತದೆ. ನಿಂತ ಗುಂಪಿನ ಮುಂದಿನ ಕಾರು ಹೊರಟು ಹೋದಂತೆ ಹಿಂದಿನಿಂದ ಇನ್ನೊಂದು ಬಂದು ಸೇರುತ್ತದೆ. ಆದುದರಿಂದ ಕಾರುಗಳು ಮುಂದೆ ಹೋಗುತ್ತಿದ್ದರೂ ‘ನಿಲುಗಡೆ’ ಎಂಬುದು ಮಾತ್ರ ಗಂಟೆಗೆ ಸುಮಾರು 20 ಕಿ.ಮೀ. ವೇಗದಲ್ಲಿ ಹಿಂದಕ್ಕೆ ಹರಿಯುತ್ತದೆ. ಬಹುಪಥ ಹೆದ್ದಾರಿಗಳಲ್ಲಿ ಅಳೆದಾಗಲೂ ಈ ಹಿಮ್ಮುಖ ಅಲೆಯ ವೇಗ ಇದರ ಆಸುಪಾಸಿನಲ್ಲೇ ಸಿಗುತ್ತದೆ. ಸಂಜೆ ಮಬ್ಬಿನಲ್ಲಿ ಯಾವುದಾದರೂ ಮೇಲ್ಸೇತುವೆಯ ಮೇಲೆ ನಿಂತು ಕೆಳಗಿನ ಹೆದ್ದಾರಿಯನ್ನು ನೋಡಿದರೆ, ವಾಹನಗಳು ಒಂದು ದಿಕ್ಕಿಗೆ ಸಾಗುತ್ತಿರುವಾಗ ಅವುಗಳ ಬ್ರೇಕಿನ ಕೆಂಪು ದೀಪಗಳ ಸಾಲು ಎದುರು ದಿಕ್ಕಿಗೆ ಜಾರುವುದು ಬರಿಗಣ್ಣಿಗೇ ಕಾಣುತ್ತದೆ. ನೀವು ಮುಂದೆ ಹೋಗಿ ನೋಡಿದಾಗ ಏನೂ ಕಾಣದಿರುವುದಕ್ಕೆ ಕಾರಣ ಇದೇ: ಅಲೆ ಹುಟ್ಟಿದ ಜಾಗವನ್ನು ಬಿಟ್ಟು ನಿಮ್ಮ ಹಿಂದೆ ಹೋಗಿಯಾಗಿದೆ.

ರಸ್ತೆ ಖಾಲಿಯಿದ್ದಾಗ ಇಂಥ ಸಣ್ಣ ಬ್ರೇಕು ಯಾರಿಗೂ ತಟ್ಟುವುದಿಲ್ಲ. ಅಂತರ ಅದನ್ನು ನುಂಗಿಬಿಡುತ್ತದೆ. ಒಂದು ಪಥದಲ್ಲಿ ಗಂಟೆಗೆ 2,000 ಕಾರುಗಳ ಆಸುಪಾಸು ಸಾಗಬಲ್ಲವು, ಅಂದರೆ ಎರಡು ಸೆಕೆಂಡಿಗೂ ಕಡಿಮೆ ಅವಧಿಗೆ ಒಂದು. ಹರಿವು ಆ ಮಿತಿಯ ಸಮೀಪಕ್ಕೆ ಬಂದಾಗ ಅಂತರವೆಂಬುದೇ ಉಳಿದಿರುವುದಿಲ್ಲ, ಆಗ ಒಂದು ಬ್ರೇಕು ಸಾಕು. ಇನ್ನೂ ತೊಂದರೆಯ ಸಂಗತಿಯೆಂದರೆ ಒಮ್ಮೆ ಹರಿವು ಮುರಿದ ಮೇಲೆ ಆ ಪಥ ತನ್ನ ಹಿಂದಿನ ಸಾಮರ್ಥ್ಯವನ್ನೂ ಉಳಿಸಿಕೊಳ್ಳುವುದಿಲ್ಲ. ನಿಂತು ಹೊರಡುವ ವಾಹನಗಳ ನಡುವೆ ಅಂತರ ಹಿಗ್ಗುವುದರಿಂದ ಶೇಕಡಾ ಐದರಿಂದ ಹತ್ತರಷ್ಟು ಸಾಮರ್ಥ್ಯ ಸೋರಿಹೋಗುತ್ತದೆ. ಅತಿ ಹೆಚ್ಚು ವಾಹನಗಳಿಗೆ ದಾರಿ ಬೇಕಾದ ಹೊತ್ತಿನಲ್ಲೇ ರಸ್ತೆ ಕಡಿಮೆ ವಾಹನಗಳನ್ನು ಸಾಗಿಸುತ್ತದೆ. ಲಂಡನ್ನಿನ ಎಂ25 ವರ್ತುಲ ಹೆದ್ದಾರಿಯಲ್ಲಿ 1995ರಿಂದ ದಟ್ಟಣೆಯ ಹೊತ್ತಿನಲ್ಲಿ ವೇಗಮಿತಿಯನ್ನು ಫಲಕಗಳ ಮೂಲಕ ಇಳಿಸುವ ಕ್ರಮ ಜಾರಿಗೆ ಬಂದದ್ದು ಇದೇ ಕಾರಣಕ್ಕೆ. ಎಲ್ಲರೂ ಸ್ವಲ್ಪ ನಿಧಾನವಾಗಿ, ಆದರೆ ಒಂದೇ ವೇಗದಲ್ಲಿ ಹೋದರೆ ಹರಿವು ಮುರಿಯದೆ ಉಳಿಯುತ್ತದೆ.

ವರ್ತುಲದಲ್ಲಿ ಇದು ಹೆಚ್ಚೇ ಎಂಬ ನಿಮ್ಮ ಎರಡನೆಯ ಪ್ರಶ್ನೆ ಬಹಳ ಮುಖ್ಯವಾದುದು. ನೇರ ಹೆದ್ದಾರಿಯಲ್ಲಿ ಸಾಲು ಎಷ್ಟೇ ಉದ್ದವಾದರೂ ಅದರ ಬಾಲ ಊರಾಚೆ ಹೋಗುತ್ತದೆ, ಅಲ್ಲಿ ವಾಹನ ವಿರಳವಾದಂತೆ ಕರಗುತ್ತದೆ. ವರ್ತುಲಕ್ಕೆ ಆ ಸೌಕರ್ಯವಿಲ್ಲ. ಒಂದು ನಿರ್ಗಮನದಲ್ಲಿ ಇಳಿಯಲಾಗದೆ ನಿಂತ ವಾಹನಗಳು ಹಿಂದಿನ ಜಂಕ್ಷನ್ನಿನವರೆಗೆ ಚಾಚಿದರೆ, ಅಲ್ಲಿ ಇಳಿಯಬೇಕಾದವರೂ, ಇನ್ನೂ ಮುಂದೆ ಹೋಗಬೇಕಾದವರೂ ಅದೇ ಸಾಲಿನಲ್ಲಿ ಸಿಕ್ಕಿಬೀಳುತ್ತಾರೆ. ಅವರಿಂದ ಅದರ ಹಿಂದಿನ ಜಂಕ್ಷನ್ ಕಟ್ಟುತ್ತದೆ. ಈ ಸರಣಿ ಸುತ್ತು ಪೂರೈಸಿದರೆ ಸಾಲಿನ ಬಾಲ ಅದರ ತಲೆಯನ್ನೇ ಮುಟ್ಟಿ, ಯಾರೂ ಯಾರಿಗೂ ದಾರಿ ಬಿಡಲಾಗದ ಸ್ಥಿತಿ ಬರುತ್ತದೆ. ನೂರಾರು ಕಿಲೋಮೀಟರಿನ ರಸ್ತೆಯಲ್ಲಿ ಹೀಗಾಗುವುದು ಕಷ್ಟ. ನಗರದೊಳಗಿನ ಸಣ್ಣ ವರ್ತುಲಗಳಲ್ಲಿ ಇದು ನಿಜವಾದ ಅಪಾಯ.

ಪ್ರಶ್ನೆ: ನಾನು ತುಮಕೂರಿನಿಂದ ನಿತ್ಯ ಬೆಂಗಳೂರಿಗೆ ಕೆಲಸಕ್ಕೆ ಹೋಗಿಬರುವವಳು. ತುಮಕೂರು ರಸ್ತೆಯಲ್ಲಿ ಬೆಳಿಗ್ಗೆ ಊರೊಳಗೆ ಹೋಗುವ ಬದಿ ತುಂಬಿರುತ್ತದೆ, ಸಂಜೆ ಹೊರಗೆ ಬರುವ ಬದಿ. ಹೊರವರ್ತುಲ ರಸ್ತೆಯಲ್ಲಿ ಮಾತ್ರ ಎರಡೂ ಹೊತ್ತು ಎರಡೂ ಬದಿ ತುಂಬಿರುವುದೇಕೆ?
— ಓದುಗರು, ಶಿರಾ ಗೇಟ್

ನಿಮ್ಮ ಗಮನಿಕೆ ಅಚ್ಚುಕಟ್ಟಾಗಿದೆ. ತುಮಕೂರು ರಸ್ತೆ, ಹಳೆ ಮದ್ರಾಸು ರಸ್ತೆ, ಮೈಸೂರು ರಸ್ತೆ ಇವೆಲ್ಲ ನಗರದ ಕೇಂದ್ರಕ್ಕೆ ಹೋಗುವ ರಸ್ತೆಗಳು. ಕೇಂದ್ರ ಬೆಳಿಗ್ಗೆ ಜನರನ್ನು ಎಳೆದುಕೊಂಡು ಸಂಜೆ ಬಿಟ್ಟುಕೊಡುತ್ತದೆ. ವರ್ತುಲಕ್ಕೆ ಅಂಥ ಒಂದು ತುದಿಯಿಲ್ಲ. ಅದರ ಪ್ರತಿಯೊಂದು ಜಂಕ್ಷನ್ನಿನಲ್ಲೂ ಬೆಳಿಗ್ಗೆ ಮನೆ ಬಿಟ್ಟು ಹತ್ತುವವರಿದ್ದಾರೆ, ಕಚೇರಿಗೆಂದು ಇಳಿಯುವವರಿದ್ದಾರೆ. ಯಾರು ಎಡಕ್ಕೆ ಹೋಗುತ್ತಾರೆ, ಯಾರು ಬಲಕ್ಕೆ ಎಂಬುದು ಅವರವರ ಮನೆ ಮತ್ತು ಕಚೇರಿಗಳ ನಡುವಿನ ಹತ್ತಿರದ ದಾರಿಯಿಂದ ತೀರ್ಮಾನವಾಗುತ್ತದೆ. ಹೀಗಾಗಿ ಎರಡೂ ಬದಿಗಳ ಹೊರೆ ಸಮೀಪವಾಗುತ್ತದೆ. ಕೆಲವು ದೇಶಗಳಲ್ಲಿ ಕೇಂದ್ರಕ್ಕೆ ಹೋಗುವ ಹೆದ್ದಾರಿಗಳ ಒಂದೆರಡು ಪಥಗಳನ್ನು ಬೆಳಿಗ್ಗೆ ಒಳಮುಖವಾಗಿ, ಸಂಜೆ ಹೊರಮುಖವಾಗಿ ಬಳಸುತ್ತಾರೆ. ವರ್ತುಲದಲ್ಲಿ ಸಾಲ ಕೊಡಬಲ್ಲ ಖಾಲಿ ಬದಿಯೇ ಇಲ್ಲದಿರುವುದರಿಂದ ಆ ಉಪಾಯ ನಡೆಯದು.

ಬೆಂಗಳೂರಿನ ಹೊರವರ್ತುಲ ರಸ್ತೆಗೆ ಇನ್ನೂ ಒಂದು ಇತಿಹಾಸವಿದೆ. 1996ರಿಂದ 2002ರವರೆಗೆ ಹಂತಹಂತವಾಗಿ ಸುಮಾರು 60 ಕಿ.ಮೀ. ಉದ್ದಕ್ಕೆ ಕಟ್ಟಿದ ಆ ರಸ್ತೆ ಊರಿಗೆ ಕೆಲಸವಿಲ್ಲದ ಲಾರಿಗಳನ್ನು ಹೊರಗೇ ದಾಟಿಸುವುದಕ್ಕಿತ್ತು. ಅದರ ಅಂಚಿನಲ್ಲಿ, ಅದರಲ್ಲೂ ಸಿಲ್ಕ್ ಬೋರ್ಡಿನಿಂದ ಕೆ.ಆರ್. ಪುರದವರೆಗೆ, ಕಂಪನಿಗಳ ಕಚೇರಿಗಳು ಸಾಲುಗಟ್ಟಿದವು. ಊರನ್ನು ದಾಟಿಸಬೇಕಾಗಿದ್ದ ರಸ್ತೆಯೇ ಜನ ಹೋಗಿ ಮುಟ್ಟಬೇಕಾದ ಜಾಗವಾಯಿತು. ಅಮೆರಿಕದ ಹ್ಯೂಸ್ಟನ್ ನಗರದಲ್ಲೂ ಹೀಗೇ ಆಗಿದೆ. ಅಲ್ಲಿನ ಸುಮಾರು 61 ಕಿ.ಮೀ. ಉದ್ದದ 610 ಸಂಖ್ಯೆಯ ಒಳವರ್ತುಲದ ಪಶ್ಚಿಮ ಭಾಗದ ಪಕ್ಕದಲ್ಲಿ ಎತ್ತರದ ಕಚೇರಿಗಳು, ಮಾಲುಗಳು ಎದ್ದು, ಆ ಭಾಗ ಇಡೀ ಟೆಕ್ಸಾಸಿನಲ್ಲೇ ಅತಿ ದಟ್ಟಣೆಯ ರಸ್ತೆಗಳ ಸಾಲಿಗೆ ಸೇರಿತು. ಅದರಾಚೆ ಎರಡನೆಯ ವರ್ತುಲ, ಅದರಾಚೆ ಮೂರನೆಯದೂ ಬೇಕಾಯಿತು.

ಹೊರಗಿನ ವರ್ತುಲ ಒಳಗಿನದಕ್ಕೆ ನಿಜವಾಗಿಯೂ ನೆರವಾದ ಉದಾಹರಣೆಯೂ ಇದೆ. ಟೋಕಿಯೋದ ಅತ್ಯಂತ ಒಳಗಿನ ವರ್ತುಲ 15 ಕಿ.ಮೀ.ಗೂ ಕಡಿಮೆ, ಮತ್ತು ನಗರದ ಬಹುತೇಕ ಎಕ್ಸ್‌ಪ್ರೆಸ್‌ವೇಗಳು ಅದಕ್ಕೇ ಬಂದು ಬೀಳುತ್ತಿದ್ದವು. ಅದರ ಹೊರಗಿನ ಸುಮಾರು 47 ಕಿ.ಮೀ.ಗಳ ವರ್ತುಲ, 18 ಕಿ.ಮೀ. ಉದ್ದದ ಸುರಂಗವೂ ಸೇರಿ, 2015ರ ಮಾರ್ಚಿನಲ್ಲಿ ಪೂರ್ಣಗೊಂಡ ಮೇಲೆ ಹಾದುಹೋಗುವ ವಾಹನಗಳು ಹೊರಕ್ಕೆ ಸರಿದು ಒಳವರ್ತುಲದ ದಟ್ಟಣೆ ಎದ್ದು ಕಾಣುವಂತೆ ಇಳಿಯಿತು. ಆ ಹೊರವರ್ತುಲದ ದೊಡ್ಡ ಭಾಗ ನೆಲದಡಿಯಲ್ಲಿರುವುದರಿಂದ ಅದರ ಪಕ್ಕದಲ್ಲಿ ಅಂಗಡಿ ತೆರೆಯಲು ಯಾರಿಗೂ ಸಾಧ್ಯವಾಗಲಿಲ್ಲ ಎಂಬುದನ್ನೂ ಗಮನಿಸಬೇಕು.

ಪ್ರಶ್ನೆ: ವರ್ತುಲ ಹೆದ್ದಾರಿಯಲ್ಲಿ ಹೊರಬದಿಯ ರಸ್ತೆ ಒಳಬದಿಯದಕ್ಕಿಂತ ಉದ್ದವಲ್ಲವೇ? ಯಾವ ದಿಕ್ಕಿಗೆ ಹೋದರೆ ದೂರ ಉಳಿಯುತ್ತದೆ?
— ಶಾಲಾ ಶಿಕ್ಷಕರು, ಮಧುಗಿರಿ

ನಾವು ಎಡಬದಿಯಲ್ಲಿ ವಾಹನ ನಡೆಸುವುದರಿಂದ ಪ್ರದಕ್ಷಿಣೆಯ ದಿಕ್ಕಿನಲ್ಲಿ ಹೋಗುವವರು ಹೊರಬದಿಯಲ್ಲೂ, ಅಪ್ರದಕ್ಷಿಣೆಯವರು ಒಳಬದಿಯಲ್ಲೂ ಇರುತ್ತಾರೆ. ಬಲಬದಿಯ ಸಂಚಾರವಿರುವ ಅಮೆರಿಕದಲ್ಲಿ ಇದು ತಿರುವುಮುರುವು. ಎರಡು ಬದಿಗಳ ನಡುಗೆರೆಗಳ ಅಂತರ 20 ಮೀಟರು ಎಂದಾದರೆ ಒಂದು ಪೂರ್ತಿ ಸುತ್ತಿಗೆ ವ್ಯತ್ಯಾಸ ಸುಮಾರು 125 ಮೀಟರು ಮಾತ್ರ. ವರ್ತುಲ 10 ಕಿ.ಮೀ. ಇರಲಿ, 280 ಕಿ.ಮೀ. ಇರಲಿ, ಅಷ್ಟೇ. ಪರಿಧಿಯ ಸೂತ್ರದಿಂದ ನಿಮ್ಮ ವಿದ್ಯಾರ್ಥಿಗಳೇ ಇದನ್ನು ಸಾಧಿಸಿ ತೋರಿಸಬಲ್ಲರು.

ಪ್ರಶ್ನೆ: ನನ್ನ ತವರು ದಾಬಸ್‌ಪೇಟೆ ಮತ್ತು ದೊಡ್ಡಬಳ್ಳಾಪುರಗಳ ನಡುವಿನ ಹಳ್ಳಿ. ಹೊಸ ರಸ್ತೆ ಹೊಲದ ಬದುವಿನಲ್ಲೇ ಹೋಗಿದೆ, ಆದರೆ ಹತ್ತಬೇಕೆಂದರೆ ದೂರ ಬಳಸಬೇಕು. ಪ್ರತಿ ಊರಿಗೂ ಒಂದು ದಾರಿ ಬಿಟ್ಟರೆ ಏನು ನಷ್ಟ? ದಟ್ಟಣೆಯಾದರೆ ಪಥಗಳನ್ನು ಹೆಚ್ಚಿಸಬಹುದಲ್ಲ?
— ಗೃಹಿಣಿ, ಗುಬ್ಬಿ

ನಿಮ್ಮ ಊರಿನವರ ನೋವು ನ್ಯಾಯವಾದುದು. ನೆಲ ಕೊಟ್ಟವರು ಅವರು, ಧೂಳು ಕುಡಿದವರು ಅವರು; ರಸ್ತೆ ಮಾತ್ರ ದೂರದವರದ್ದಾಯಿತು. ಆದರೂ ಪ್ರತಿ ಊರಿಗೂ ನೇರ ದಾರಿ ಬಿಡುವುದು ಪರಿಹಾರವಲ್ಲ ಎಂದೇ ಹೇಳಬೇಕಾಗಿದೆ, ಅದಕ್ಕೆ ಕಾರಣವನ್ನು ಬಿಡಿಸಿ ಹೇಳುತ್ತೇನೆ.

ವರ್ತುಲ ಹೆದ್ದಾರಿ ಕೆಡುವುದು ಅದರ ಅಗಲ ಸಾಲದ್ದರಿಂದ ಎನ್ನುವುದಕ್ಕಿಂತ ಅದರ ಬಾಯಿಗಳಿಂದ, ಅಂದರೆ ವಾಹನಗಳು ಒಳಬರುವ ಮತ್ತು ಹೊರಹೋಗುವ ಜಾಗಗಳಿಂದ. ಹುಲ್ಲು ಹೇರಿದ ಟ್ರ್ಯಾಕ್ಟರೊಂದು ಮಣ್ಣುದಾರಿಯಿಂದ ನೇರವಾಗಿ ಹೆದ್ದಾರಿಗೆ ಏರುವುದನ್ನು ಗಮನಿಸಿ. ಮುಂದಿನ ಗಾಲಿಗಳು ಡಾಂಬರಿನ ಅಂಚು ಹತ್ತುವಾಗ ಟ್ರೈಲರ್ ಇನ್ನೂ ಇಳಿಜಾರಿನಲ್ಲಿರುತ್ತದೆ. ಪೂರ್ತಿ ಮೇಲೆ ಬಂದು ವೇಗ ಹಿಡಿಯುವಷ್ಟರಲ್ಲಿ ಹಿಂದಿನಿಂದ ಗಂಟೆಗೆ 80 ಕಿ.ಮೀ. ವೇಗದ ಕಾರು ಬಂದಾಗಿರುತ್ತದೆ. ಕಾರು ಬಲಪಥಕ್ಕೆ ಹಾರುತ್ತದೆ, ಬಲಪಥದಲ್ಲಿದ್ದ ಬಸ್ಸು ಬ್ರೇಕು ಹಾಕುತ್ತದೆ, ಮೇಲೆ ವಿದ್ಯಾರ್ಥಿಗೆ ಹೇಳಿದ ಅಲೆ ಅಲ್ಲಿಂದ ಹುಟ್ಟುತ್ತದೆ. ಅದೃಷ್ಟ ಕೆಟ್ಟರೆ ಅಲೆಯ ಬದಲು ಹೆಣ ಬೀಳುತ್ತದೆ. ಇಂಥ ಬಾಯಿ ಪ್ರತಿ ಕಿಲೋಮೀಟರಿಗೆ ಒಂದಾದರೆ, ಒಂದರಲ್ಲಿ ಹತ್ತಿದವರು ಬಲಕ್ಕೆ ಸರಿಯುವುದೂ ಮುಂದಿನದರಲ್ಲಿ ಇಳಿಯುವವರು ಎಡಕ್ಕೆ ಸರಿಯುವುದೂ ಒಂದೇ ಜಾಗದಲ್ಲಿ ಹೆಣೆದುಕೊಂಡು ಎಲ್ಲ ಪಥಗಳೂ ತೊಡಕಾಗುತ್ತವೆ.

ಬಾಯಿಯನ್ನು ಹದದಲ್ಲಿಟ್ಟರೆ ಆಗುವ ಲಾಭವನ್ನು ಅಳೆದು ನೋಡಿದವರಿದ್ದಾರೆ. 1963ರಲ್ಲಿ ಷಿಕಾಗೋದ ಐಸೆನ್‌ಹೋವರ್ ಎಕ್ಸ್‌ಪ್ರೆಸ್‌ವೇಯಲ್ಲಿ ಏರುದಾರಿಯ ಬಳಿ ವಾಹನಗಳನ್ನು ತಡೆದು ಒಂದೊಂದಾಗಿ ಬಿಡುವ ಪದ್ಧತಿ ಆರಂಭವಾಯಿತು. ಗಿರಣಿಯ ಬಾಯಿಗೆ ರಾಗಿಯನ್ನು ಒಮ್ಮೆಲೆ ಸುರಿಯದೆ ಸಣ್ಣಗೆ ಬಿಡುವಂಥ ಕ್ರಮ ಇದು. ಮುಂದೆ ಅಮೆರಿಕದ ಮಿನಿಯಾಪೊಲಿಸ್–ಸೇಂಟ್ ಪಾಲ್ ಅವಳಿ ನಗರಗಳಲ್ಲಿ ಇಂಥ ನಾನೂರಕ್ಕೂ ಹೆಚ್ಚು ಸಿಗ್ನಲ್‌ಗಳು ಬಂದವು. ಏರುದಾರಿಯಲ್ಲಿ ಕಾಯುವುದು ಸುಮ್ಮನೆ ಕಾಲಹರಣ ಎಂದು ಜನ ಗೊಣಗಿದ್ದರಿಂದ 2000ದಲ್ಲಿ ಅವನ್ನು ಕೆಲವು ವಾರ ಆರಿಸಿ ಪರೀಕ್ಷಿಸಿದರು. ಹೆದ್ದಾರಿಯ ಹರಿವು ಶೇ. 9ರಷ್ಟು ಕುಸಿಯಿತು, ಪ್ರಯಾಣದ ಸಮಯ ಶೇ. 22ರಷ್ಟು ಏರಿತು, ಅಪಘಾತಗಳು ಶೇ. 26ರಷ್ಟು ಹೆಚ್ಚಿದವು. ಒಂದು ಪಥವನ್ನೂ ಮುಚ್ಚಿರಲಿಲ್ಲ, ಒಂದು ಪಥವನ್ನೂ ಸೇರಿಸಿರಲಿಲ್ಲ ಎಂಬುದನ್ನು ನೆನಪಿಡಿ.

ಪಥ ಹೆಚ್ಚಿಸುವ ದಾರಿಯನ್ನು ಲಂಡನ್ ಹಿಡಿದು ನೋಡಿತು. 188 ಕಿ.ಮೀ.ಗಳ ಎಂ25 ಪೂರ್ಣಗೊಂಡದ್ದು 1986ರ ಅಕ್ಟೋಬರಿನಲ್ಲಿ. ಕೆಲವೇ ವರ್ಷಗಳಲ್ಲಿ ಅಗಲೀಕರಣ ಶುರುವಾಗಿ, ಹೀಥ್ರೂ ವಿಮಾನ ನಿಲ್ದಾಣದ ಬಳಿ ಅದು ಒಟ್ಟು ಹನ್ನೆರಡು ಪಥಗಳಾಯಿತು. ಇಂದಿಗೂ ಬ್ರಿಟನ್ನಿನ ಅತಿ ದಟ್ಟಣೆಯ ಭಾಗಗಳಲ್ಲಿ ಅದೂ ಒಂದು. ಎರಡು ಜಂಕ್ಷನ್ ದೂರಕ್ಕೆ ಹೋಗುವ ಸ್ಥಳೀಯರು ಊರ ರಸ್ತೆ ಬಿಟ್ಟು ಹೆದ್ದಾರಿ ಹತ್ತಿದ್ದು ಇದಕ್ಕೊಂದು ದೊಡ್ಡ ಕಾರಣ.

ಹಾಗಾದರೆ ನಿಮ್ಮ ತವರಿಗೆ ಬೇಕಾದುದೇನು? ರಸ್ತೆಯ ಎರಡೂ ಬದಿಗೆ ಎಲ್ಲೂ ಕಡಿಯದ ಸರ್ವಿಸ್ ರಸ್ತೆ, ದನಕರು ಮತ್ತು ಟ್ರ್ಯಾಕ್ಟರು ದಾಟುವಷ್ಟು ಎತ್ತರದ, ಮಳೆನೀರು ನಿಲ್ಲದ ಕೆಳಸೇತುವೆ, ಶಾಲೆ ಮಕ್ಕಳು ನಡೆದು ದಾಟುವ ದಾರಿ. ಹೈದರಾಬಾದಿನ 158 ಕಿ.ಮೀ.ಗಳ ಎಂಟು ಪಥದ ಹೊರವರ್ತುಲ ರಸ್ತೆಯಲ್ಲಿ ಹತ್ತಿ ಇಳಿಯುವ ಜಾಗಗಳು ಇಪ್ಪತ್ತರ ಆಸುಪಾಸು ಮಾತ್ರ, ದ್ವಿಚಕ್ರ ವಾಹನಗಳಿಗೆ ಪ್ರವೇಶವಿಲ್ಲ. ಊರಿನವರಿಗೆಂದು ಪಕ್ಕದಲ್ಲಿ ಸರ್ವಿಸ್ ರಸ್ತೆಯಿದೆ. ಸರ್ವಿಸ್ ರಸ್ತೆ ಅರ್ಧಕ್ಕೆ ನಿಂತಿರುವಲ್ಲೇ ಜನ ಎದುರುಮುಖವಾಗಿ ಬೈಕ್ ಓಡಿಸುತ್ತಾರೆ, ಡಿವೈಡರ್ ಒಡೆದು ದಾರಿ ಮಾಡಿಕೊಳ್ಳುತ್ತಾರೆ. ಎದುರಿಗಿರುವ ಹೊಲಕ್ಕೆ ಹೋಗಲು ಮೈಲುಗಟ್ಟಲೆ ಬಳಸು ಎಂದರೆ ಯಾವ ರೈತನೂ ಬಳಸುವುದಿಲ್ಲ, ಅದನ್ನು ಶಿಸ್ತಿನ ಕೊರತೆ ಎನ್ನುವುದು ಅನ್ಯಾಯ. ನಿಮ್ಮ ಊರಿನ ಗ್ರಾಮ ಪಂಚಾಯಿತಿ ಹೆದ್ದಾರಿಗೆ ನೇರ ಬಾಯಿ ಕೇಳುವುದನ್ನು ಬಿಟ್ಟು, ಸರ್ವಿಸ್ ರಸ್ತೆ ಎಲ್ಲೆಲ್ಲಿ ಕಡಿದಿದೆ ಎಂಬ ನಕ್ಷೆಯೊಡನೆ ಲಿಖಿತ ಮನವಿ ಸಲ್ಲಿಸಲಿ. ಅದು ಗಟ್ಟಿ ಬೇಡಿಕೆ, ಅದಕ್ಕೆ ಬೆಂಬಲವೂ ಸಿಗಬೇಕು.

ಪ್ರಶ್ನೆ: ತುಮಕೂರು ನಗರದ ರಿಂಗ್ ರಸ್ತೆಯಲ್ಲಿ ಗುಬ್ಬಿ ರಸ್ತೆ, ಕುಣಿಗಲ್ ರಸ್ತೆ ಕೂಡುವ ವೃತ್ತಗಳ ಬಳಿ ಯಾರು ಮೊದಲು ಹೋಗಬೇಕು ಎಂಬುದೇ ತಿಳಿಯದೆ ಸಂಜೆ ಎಲ್ಲರೂ ನುಗ್ಗುತ್ತಾರೆ. ನಿಯಮವೇನು?
— ನಿವೃತ್ತ ನೌಕರರು, ಬಟವಾಡಿ

ಸಿಗ್ನಲ್ಲಾಗಲಿ ಪೊಲೀಸರ ಸೂಚನೆಯಾಗಲಿ ಇಲ್ಲದ ವೃತ್ತದಲ್ಲಿ, ಆಗಲೇ ಸುತ್ತುತ್ತಿರುವ ವಾಹನಕ್ಕೆ ಮೊದಲ ಹಕ್ಕು; ಹೊರಗಿನಿಂದ ಬರುವವರು ಕಾಯಬೇಕು. 2017ರ ಮೋಟಾರು ವಾಹನ ಚಾಲನಾ ನಿಯಮಗಳು ಹೇಳುವುದು ಇದನ್ನೇ. ಬ್ರಿಟನ್ನಿನಲ್ಲಿ ಇದು 1966ರಲ್ಲಿ ನಿಯಮವಾಯಿತು. ಅದಕ್ಕೆ ಮುನ್ನ ಹೊರಗಿನವರು ನುಗ್ಗಿ ವೃತ್ತಗಳು ಬೀಗ ಹಾಕಿದಂತೆ ನಿಂತುಬಿಡುತ್ತಿದ್ದವು. ಒಳಗಿರುವವರು ಹೊರಹೋದರಷ್ಟೇ ಜಾಗ ಖಾಲಿಯಾಗುತ್ತದೆ, ಆದ್ದರಿಂದ ಅವರನ್ನು ಮೊದಲು ಬಿಡುವುದು ಕಾಯುವವರಿಗೇ ಲಾಭ.

ಇದಕ್ಕೆ ವಿರುದ್ಧವಾದ ನಿಯಮದ ಫಲವನ್ನು ಪ್ಯಾರಿಸ್ಸಿನಲ್ಲಿ ನೋಡಬಹುದು. 1973ರಲ್ಲಿ ಪೂರ್ಣಗೊಂಡ ಅಲ್ಲಿನ 35 ಕಿ.ಮೀ.ಗಳ ವರ್ತುಲ ಹೆದ್ದಾರಿಯಲ್ಲಿ ಬಲಗಡೆಯಿಂದ ಹತ್ತುವವರಿಗೇ ಮೊದಲ ಹಕ್ಕು. ಒಳಗೆ ಓಡುತ್ತಿರುವವರು ಅವರಿಗೆ ದಾರಿ ಬಿಡಬೇಕು. ದಟ್ಟಣೆಯ ಹೊತ್ತಿನಲ್ಲಿ ಬಲಪಥ ಪದೇ ಪದೇ ನಿಲ್ಲುತ್ತದೆ. 2024ರ ಅಕ್ಟೋಬರಿನಿಂದ ಅಲ್ಲಿ ವೇಗಮಿತಿಯನ್ನು ಗಂಟೆಗೆ 70ರಿಂದ 50 ಕಿ.ಮೀ.ಗೆ ಇಳಿಸಲಾಗಿದೆ.

ತುಮಕೂರಿನ ವೃತ್ತಗಳಿಗೆ ಬಂದರೆ, ನಿಯಮ ಪುಸ್ತಕದಲ್ಲಿದ್ದು ರಸ್ತೆಯ ಮೇಲೆ ಕಾಣದಿರುವುದು ಅರ್ಧ ತೊಂದರೆ. ವೃತ್ತಕ್ಕೆ ಸೇರುವ ಪ್ರತಿಯೊಂದು ರಸ್ತೆಯ ಅಂಚಿನಲ್ಲಿ ‘ದಾರಿ ಬಿಡಿ’ ಎಂಬ ತ್ರಿಕೋನ ಫಲಕ ಮತ್ತು ತುಂಡುಗೆರೆ ಇರಬೇಕು. ಉಳಿದರ್ಧ ತೊಂದರೆ ನಿರ್ಗಮನದ ಬಾಯಲ್ಲೇ ನಿಲ್ಲುವ ಬಸ್ಸು, ಆಟೋ, ತಳ್ಳುಗಾಡಿಗಳದ್ದು. ಬಸ್ಸೊಂದು ಅಲ್ಲಿ ಪ್ರಯಾಣಿಕರನ್ನು ಇಳಿಸುವಷ್ಟು ಹೊತ್ತು ನಿಂತರೂ ಹಿಂದಿನ ಸಾಲು ವೃತ್ತದೊಳಕ್ಕೆ ಚಾಚಿ ಬೇರೆ ಮೂರು ರಸ್ತೆಗಳನ್ನೂ ಕಟ್ಟಿಹಾಕುತ್ತದೆ. ನಿಲುಗಡೆಯನ್ನು ವೃತ್ತ ದಾಟಿದ ಮೇಲೆ ಸಾಕಷ್ಟು ಮುಂದಕ್ಕೆ ಒಯ್ಯುವುದಕ್ಕೂ, ಗೆರೆ ಬಳಿಯುವುದಕ್ಕೂ ಹೊಸ ಮೇಲ್ಸೇತುವೆಯ ಖರ್ಚು ಬೇಕಿಲ್ಲ. ಮಹಾನಗರ ಪಾಲಿಕೆ ಮತ್ತು ಸಂಚಾರ ಪೊಲೀಸರಿಬ್ಬರಿಗೂ ಒಂದೇ ಪತ್ರದಲ್ಲಿ ಈ ಎರಡನ್ನೂ ಕೇಳಿ, ಸಂಜೆಯ ಹೊತ್ತಿನ ಒಂದೆರಡು ಫೋಟೋಗಳನ್ನು ಜೊತೆಗಿಡಿ.